ಬದಲಾಗದ ಫೈಲಿನ ಖರ್ಚು

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಎರಡು ಕನ್ನಡ ಫಾಂಟುಗಳ ಪ್ಯಾಕೇಜುಗಳಿವೆ. ಎರಡೂ ಚಿಕ್ಕವು. ವರ್ಷ ಕಳೆದರೂ ಅವುಗಳಲ್ಲಿ ಒಂದು ಬೈಟೂ ಬದಲಾಗದೆ ಇರುವುದುಂಟು. ಡೆಬಿಯನ್ ಭಂಡಾರ ದಿನಕ್ಕೆ ನಾಲ್ಕು ಸಲ ಹೊಸತಾಗುತ್ತದೆ. ಪ್ರತಿ ಸಲವೂ ಜಗತ್ತಿನ ನೂರಾರು ಮಿರರ್ ಸರ್ವರುಗಳು ತಮಗೆ ಫೈಲು ಕೊಡುವ ಮೇಲಿನ ಸರ್ವರನ್ನು ಕೇಳುತ್ತವೆ: ಗುಬ್ಬಿ ಬದಲಾಯಿತೇ? ಇಲ್ಲ. ನವಿಲು? ಇಲ್ಲ. ಹೀಗೆ ಭಂಡಾರದ ಲಕ್ಷಾಂತರ ಫೈಲುಗಳ ಮಾತೂ ನಡೆಯುತ್ತದೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲೇ 64,419 ಪ್ಯಾಕೇಜುಗಳಿದ್ದವು. ಹಳೆಯ ಆವೃತ್ತಿ, ಬರಲಿರುವ ಆವೃತ್ತಿ, ಬೇರೆ ಬೇರೆ ಪ್ರೊಸೆಸರುಗಳಿಗೆ ಕಟ್ಟಿದ ಪ್ರತಿಗಳು ಎಲ್ಲ ಸೇರಿದರೆ ಸಂಖ್ಯೆ ಎಲ್ಲಿಗೋ ಹೋಗುತ್ತದೆ.

ಮಿರರ್ ಎಂದರೆ ಮೂಲ ಭಂಡಾರದ ಯಥಾಪ್ರತಿ. ನಮ್ಮ ದೇಶದಲ್ಲಿ ಮದ್ರಾಸ್ ಐಐಟಿ, ಕಾನ್ಪುರ ಐಐಟಿಯಂಥ ಸಂಸ್ಥೆಗಳು ಬಹಳ ವರ್ಷ ಇಂಥ ಪ್ರತಿಗಳನ್ನು ನಡೆಸಿಕೊಂಡು ಬಂದಿವೆ. ನಮ್ಮ ಕಂಪ್ಯೂಟರು ಅಪ್‌ಡೇಟ್ ಕೇಳಿದಾಗ ಅಮೆರಿಕಕ್ಕೋ ಜರ್ಮನಿಗೋ ಹೋಗದೆ ಹತ್ತಿರದಲ್ಲೇ ಸಿಗಲಿ ಎಂಬುದು ಉದ್ದೇಶ. ಮಿರರ್ ನಡೆಸುವುದೆಂದರೆ ಇಂಟರ್ನೆಟ್ ಬಿಲ್ಲು ಕಟ್ಟುವುದು ಎಂದೇ ಹೆಚ್ಚಿನವರ ಎಣಿಕೆ. ಜನರಿಗೆ ಫೈಲು ಹಂಚುವ ಕೆಲಸಕ್ಕೆ ಅದು ಸರಿ. ಆದರೆ ಮೂಲದ ಜೊತೆ ಪ್ರತಿಯನ್ನು ಸರಿದೂಗಿಸುವ, ಅಂದರೆ ಸಿಂಕ್ ಮಾಡುವ ಕೆಲಸದಲ್ಲಿ ಹೆಚ್ಚು ಸವೆಯುವುದು ಡಿಸ್ಕು ಮತ್ತು ಮೆಮರಿ. ಅದೂ ಬದಲಾದ ಫೈಲಿಗಾಗಿ ಅಲ್ಲ, ಬದಲಾಗದೆ ಇರುವ ಫೈಲು ಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಸಿಂಕ್ ಮಾಡುವ ಟೂಲುಗಳ ನಡುವಿನ ನಿಜವಾದ ಫರಕು ಇರುವುದು ಈ ಖಾತ್ರಿಯ ಖರ್ಚನ್ನು ಯಾರ ತಲೆಗೆ ಕಟ್ಟುತ್ತವೆ ಎಂಬಲ್ಲಿ.

ಎಲ್ಲರೂ ಬಳಸುವ ಆರ್‌ಸಿಂಕ್‌ನಿಂದಲೇ ಶುರು ಮಾಡೋಣ. ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಟೂಲು ಅದು. ಅದರ ಕೀರ್ತಿಗೆ ಕಾರಣ ಒಂದು ಜಾಣ ಗಣಿತ. ನಿಮ್ಮ ಹತ್ತಿರ ಫೈಲಿನ ಹಳೆಯ ಪ್ರತಿ ಇದ್ದರೆ, ಅದನ್ನು ತುಂಡು ತುಂಡಾಗಿಸಿ ಪ್ರತಿ ತುಂಡಿಗೂ ಒಂದು ಗುರುತಿನ ಸಂಖ್ಯೆ ಲೆಕ್ಕ ಹಾಕಿ ಆ ಕಡೆಗೆ ಕಳಿಸುತ್ತದೆ. ಆ ಕಡೆಯವರು ತಮ್ಮ ಹೊಸ ಫೈಲಿನ ಮೇಲೆ ಒಂದೊಂದೇ ಬೈಟು ಸರಿಯುತ್ತ ಅದೇ ಗುರುತು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ಸಿಗದ ಭಾಗವನ್ನಷ್ಟೇ ಕಳಿಸುತ್ತಾರೆ. ನೂರು ಎಂಬಿಯ ಫೈಲಿನಲ್ಲಿ ಹತ್ತು ಕೆಬಿ ಬದಲಾಗಿದ್ದರೆ ತಂತಿಯ ಮೇಲೆ ಹರಿಯುವುದು ಆ ಹತ್ತು ಕೆಬಿ ಮತ್ತು ಒಂದಿಷ್ಟು ಗುರುತುಗಳು. ಮೋಡೆಮ್ಮಿನ ಕಾಲದಲ್ಲಿ ಇದು ಚಮತ್ಕಾರವೇ ಆಗಿತ್ತು.

ವಿಚಿತ್ರವೆಂದರೆ ಪ್ಯಾಕೇಜ್ ಮಿರರಿನಲ್ಲಿ ಈ ಚಮತ್ಕಾರಕ್ಕೆ ಕೆಲಸವೇ ಇಲ್ಲ. ಪ್ಯಾಕೇಜಿನ ಫೈಲಿನ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ. ಆವೃತ್ತಿ ಬದಲಾದರೆ ಹೆಸರೂ ಬದಲು, ಅಂದರೆ ಆರ್‌ಸಿಂಕ್‌ನ ಕಣ್ಣಿಗೆ ಅದು ಹಿಂದೆಂದೂ ಕಾಣದ ಹೊಸ ಫೈಲು. ಪೂರ್ತಿ ಇಳಿಸಿಕೊಳ್ಳುತ್ತದೆ. ಒಂದು ವೇಳೆ ಹೆಸರು ಅದೇ ಇದ್ದರೂ ಪ್ಯಾಕೇಜಿನೊಳಗಿನ ಮಾಹಿತಿ ಮೊದಲೇ ಒತ್ತಿ ಕುಗ್ಗಿಸಿದ್ದು. ಒಳಗೆ ಒಂದು ಸಾಲು ಬದಲಾದರೂ ಅಲ್ಲಿಂದ ಮುಂದಿನ ಬೈಟುಗಳೆಲ್ಲ ಬೇರೆಯಾಗುತ್ತವೆ. ಕುಗ್ಗಿಸುವ ಟೂಲಾದ ಜಿಜಿಪ್‌ಗೆ ‘ಆರ್‌ಸಿಂಕೆಬಲ್’ ಎಂಬ ಆಯ್ಕೆಯನ್ನೇ ಸೇರಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಹಾಗಾಗಿ ಮಿರರ್ ನಡೆಸುವವರ ಮನೆಯಲ್ಲಿ ಆರ್‌ಸಿಂಕ್ ಮಾಡುವುದು ಎರಡು ಪಟ್ಟಿಗಳನ್ನು ಹೋಲಿಸುವ ಕಾರಕೂನಿಕೆ ಮಾತ್ರ. ಅದರ ಖರ್ಚನ್ನೂ ಆ ದೃಷ್ಟಿಯಿಂದಲೇ ಅಳೆಯಬೇಕು.

ಪಟ್ಟಿ ತಯಾರಾಗುವುದು ಹೇಗೆ? ಮೇಲಿನ ಸರ್ವರು ತನ್ನ ಫೋಲ್ಡರುಗಳನ್ನೆಲ್ಲ ಹೊಕ್ಕು ಹೊರಟು ಪ್ರತಿ ಫೈಲಿನ ಗಾತ್ರ, ತಿದ್ದಿದ ವೇಳೆ ಓದುತ್ತದೆ. ಕೆಳಗಿನ ಮಿರರೂ ತನ್ನಲ್ಲಿ ಹಾಗೇ ಮಾಡುತ್ತದೆ. ಎರಡೂ ಕಡೆಯ ಗಾತ್ರ, ವೇಳೆ ಕೂಡಿದರೆ ಆ ಫೈಲು ಬದಲಾಗಿಲ್ಲ ಎಂದರ್ಥ. ಒಳಗೆ ಇಣುಕುವ ಗೋಜಿಗೆ ಹೋಗುವುದಿಲ್ಲ. ಕೇಳಲು ಹಗುರ ಕೆಲಸ. ಆದರೆ ತಿರುಗುವ ಹಾರ್ಡ್ ಡಿಸ್ಕಿನ ಸೂಜಿ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಸುಮಾರು ಹತ್ತು ಮಿಲಿಸೆಕೆಂಡು ಬೇಕು. ಹತ್ತು ಲಕ್ಷ ಫೈಲಿದ್ದು, ಪ್ರತಿಯೊಂದಕ್ಕೂ ಸೂಜಿ ಓಡಬೇಕಾಗಿ ಬಂದರೆ ಹತ್ತು ಸಾವಿರ ಸೆಕೆಂಡು, ಅಂದರೆ ಹೆಚ್ಚುಕಡಿಮೆ ಪೌಣೆ ಮೂರು ತಾಸು. ಇದು ತೀರಾ ಕೆಟ್ಟ ದಿನದ ಲೆಕ್ಕ. ಅಕ್ಕಪಕ್ಕದ ಫೈಲುಗಳ ವಿವರ ಒಂದೇ ಓದಿಗೆ ಸಿಗುವುದರಿಂದ ವಾಸ್ತವದಲ್ಲಿ ಇಷ್ಟಾಗದು. ಆದರೂ ಒಂದೇ ಒಂದು ಫೈಲು ಇಳಿಸುವ ಮೊದಲೇ ಇಷ್ಟೆಲ್ಲ ಆಗುತ್ತದೆ ಎಂಬುದನ್ನು ಗಮನಿಸಿ.

ಲಿನಕ್ಸು ಒಮ್ಮೆ ಓದಿದ ಫೈಲು ವಿವರವನ್ನು ಮೆಮರಿಯಲ್ಲಿ ಇಟ್ಟುಕೊಳ್ಳುತ್ತದೆ, ಫೈಲೊಂದಕ್ಕೆ ಒಂದು ಕಿಲೋಬೈಟಿಗಿಂತ ತುಸು ಹೆಚ್ಚು. ಹತ್ತು ಲಕ್ಷ ಫೈಲಿಗೆ ಒಂದು ಜಿಬಿಯ ಮೇಲೆ. ಅಷ್ಟು ಜಾಗ ಸಿಕ್ಕರೆ ಮುಂದಿನ ಸುತ್ತು ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಮಿರರಿನ ಕೆಲಸವೇ ಜನರಿಗೆ ಫೈಲು ಹಂಚುವುದು. ನಾಲ್ಕು ಮಂದಿ ದೊಡ್ಡ ದೊಡ್ಡ ಇನ್‌ಸ್ಟಾಲ್ ಇಮೇಜು ಇಳಿಸಿಕೊಂಡರೆ ಅವು ಮೆಮರಿಯಲ್ಲಿ ತುಂಬಿಕೊಂಡು ಈ ವಿವರಗಳನ್ನು ಹೊರದಬ್ಬುತ್ತವೆ. ಮುಂದಿನ ಸುತ್ತಿಗೆ ಸೂಜಿಯ ಓಡಾಟ ಮತ್ತೆ ಮೊದಲಿನಿಂದ.

ಇನ್ನು ಆರ್‌ಸಿಂಕ್‌ನದೇ ಮೆಮರಿ. ಪಟ್ಟಿಯಲ್ಲಿ ಒಂದು ಫೈಲಿಗೆ ಸುಮಾರು 100 ಬೈಟು ಹಿಡಿಯುತ್ತದೆ. ಹಳೆಯ ಆವೃತ್ತಿಗಳು ಇಡೀ ಪಟ್ಟಿ ಕಟ್ಟಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದವು. ಹತ್ತು ಲಕ್ಷ ಫೈಲಿಗೆ ನೂರು ಎಂಬಿ. ಒಬ್ಬರಿಗಾದರೆ ಇದೇನು ಮಹಾ? ಆದರೆ ಮೇಲಿನ ಸರ್ವರಿನಲ್ಲಿ ಒಂದೊಂದು ಮಿರರಿಗೂ ಒಂದೊಂದು ಪ್ರತ್ಯೇಕ ಪಟ್ಟಿ ತಯಾರಾಗುತ್ತದೆ. ಐವತ್ತು ಮಿರರು ಒಟ್ಟಿಗೆ ಬಂದರೆ ಐದು ಜಿಬಿ, ಅದೇ ಪಟ್ಟಿಯ ಐವತ್ತು ಪ್ರತಿ. 2008ರಲ್ಲಿ ಬಂದ ಮೂರನೇ ಆವೃತ್ತಿ ಫೋಲ್ಡರು ಫೋಲ್ಡರಾಗಿ ಪಟ್ಟಿ ಕಟ್ಟುತ್ತ, ಮುಗಿದದ್ದನ್ನು ಬಿಡುತ್ತ ಸಾಗುವುದನ್ನು ಕಲಿಯಿತು. ಮೆಮರಿ ಬಹಳ ಉಳಿಯಿತು. ಆದರೆ ಈ ಉಳಿತಾಯ ಮಿರರ್ ನಡೆಸುವವರ ಕೈಗೆ ಪೂರ್ತಿ ದಕ್ಕಲಿಲ್ಲ. ಜಾಗರೂಕ ಮಿರರು ಹೊಸ ಫೈಲುಗಳನ್ನು ಒಂದು ಬದಿಗೆ ಇಟ್ಟುಕೊಂಡು ಎಲ್ಲ ಬಂದಮೇಲೆ ಒಮ್ಮೆಗೇ ಜಾಗಕ್ಕೆ ಹಾಕುತ್ತದೆ, ಹಳೆಯದನ್ನು ಕಡೆಗೆ ಅಳಿಸುತ್ತದೆ; ನಡುವೆ ಕರೆಂಟು ಹೋದರೆ ಭಂಡಾರದ ಸೂಚಿಯಲ್ಲಿರುವ (ಇಂಡೆಕ್ಸ್) ಪ್ಯಾಕೇಜು ಡಿಸ್ಕಿನಲ್ಲಿ ಇಲ್ಲ ಎಂಬ ಫಜೀತಿ ಆಗಬಾರದಲ್ಲ. ಹಾಗೆ ಮಾಡಿಸುವ ‘ಡಿಲೇ-ಅಪ್‌ಡೇಟ್ಸ್’, ‘ಡಿಲೀಟ್-ಆಫ್ಟರ್’ ಆಯ್ಕೆಗಳಿಗೆ ಇಡೀ ಪಟ್ಟಿ ಬೇಕೇ ಬೇಕು. ಅವುಗಳನ್ನು ಹಾಕಿದ ಕ್ಷಣ ಆರ್‌ಸಿಂಕ್ ಹಳೆಯ ಚಾಳಿಗೆ ಮರಳುತ್ತದೆ. ‘ಡಿಲೀಟ್-ಡಿಲೇ’ ಎಂಬ ಇನ್ನೊಂದು ಆಯ್ಕೆ ಈ ತೊಂದರೆ ಕೊಡುವುದಿಲ್ಲ; ಹೆಸರು ಹತ್ತಿರ ಹತ್ತಿರ ಇರುವುದರಿಂದ ಎಷ್ಟೋ ಮಂದಿ ಒಂದರ ಬದಲು ಇನ್ನೊಂದನ್ನು ಬರೆದಿರುತ್ತಾರೆ. ಡೆಬಿಯನ್‌ನವರು ತಮ್ಮ ಮಿರರುಗಳಿಗೆ ಕೊಡುವ ‘ಎಫ್‌ಟಿಪಿಸಿಂಕ್’ ಈ ಜಾಗರೂಕತೆಯ ಕೆಲಸವನ್ನೇ ಎರಡು ಹಂತದಲ್ಲಿ ಮಾಡುತ್ತದೆ: ಮೊದಲು ಪ್ಯಾಕೇಜು, ಆಮೇಲೆ ಸೂಚಿ ಮತ್ತು ಅಳಿಸುವಿಕೆ.

ಅಣ್ಣಿಗೇರಿ ಕಡೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಹುಡುಗ ತಾನು ಹಚ್ಚಿದ್ದ ಮಿರರಿನ ವಿಷಯಕ್ಕೆ ಒಮ್ಮೆ ಫೋನು ಮಾಡಿದ. “ಸರ, ಡೌನ್‌ಲೋಡ್ ಏನೂ ಆಗವಲ್ದು. ಆದ್ರ ಡಿಸ್ಕ್ ಒಂದ ಸವನ ಕರಕರ ಅನ್ನಾಕತ್ತೈತಿ. ನಿನ್ನೆ ರಾತ್ರಿ ಹಚ್ಚೀನಿ, ಇನ್ನೂ ಮುಗದಿಲ್ಲ.”

“ಮದಲನೇ ಕಾಪಿ ಎಲ್ಲಿಂದ ತಂದಿ ತಮ್ಮಾ?”

“ಹುಬ್ಬಳ್ಯಾಗ ದೋಸ್ತನ ಹಂತೇಕ ಇತ್ತರೀ. ಹಾರ್ಡ್ ಡಿಸ್ಕಿಗೆ ಹಾಕ್ಕೊಂಡು ಬಸ್ಸಿನ್ಯಾಗ ತಂದೆ.”

“ಡಿಸ್ಕಿಂದು ಫಾರ್ಮ್ಯಾಟ್ ಯಾವ್ದು?”

“ಫ್ಯಾಟ್ ರೀ. ವಿಂಡೋಸಿನ್ಯಾಗೂ ನಡೀಬೇಕಲ್ರಿ.”

ಬಸ್ಸಿನಲ್ಲಿ ತಂದದ್ದು ಜಾಣತನವೇ. ನೂರು ಎಂಬಿಪಿಎಸ್ ಲೈನು ಒಂದು ನಿಮಿಷವೂ ಬಿಡುವಿಲ್ಲದೆ ಹರಿದರೂ ಮೂರು ಟಿಬಿ ಇಳಿಯಲು ಹತ್ತಿರ ಹತ್ತಿರ ಮೂರು ದಿನ ಬೇಕು. ಹುಬ್ಬಳ್ಳಿಯ ಬಸ್ಸಿಗೆ ತಾಸೊಂದು ಸಾಕು. ಕೆಟ್ಟದ್ದು ಫ್ಯಾಟ್‌ನಿಂದ. ಆ ಫಾರ್ಮ್ಯಾಟು ತಿದ್ದಿದ ವೇಳೆಯನ್ನು ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತದೆ. ಮೂಲದಲ್ಲಿ ಬೆಸ ಸೆಕೆಂಡು ಇದ್ದ ಫೈಲುಗಳೆಲ್ಲ, ಅಂದರೆ ಸುಮಾರು ಅರ್ಧದಷ್ಟು, ಒಂದು ಸೆಕೆಂಡು ಜಾರಿಕೊಂಡವು. ಒಂದು ಸೆಕೆಂಡು ಕೂಡದಿದ್ದರೂ ಆರ್‌ಸಿಂಕ್‌ಗೆ ಆ ಫೈಲು ಬದಲಾದ ಫೈಲೇ. ಆಗ ಹೊರಬೀಳುತ್ತದೆ ಮೇಲೆ ಹೇಳಿದ ಜಾಣ ಗಣಿತ. ಲ್ಯಾಬಿನ ಯಂತ್ರ ತನ್ನ ಫೈಲನ್ನು ಪೂರ್ತಿ ಓದಿ ಗುರುತು ಕಳಿಸುತ್ತದೆ. ದೂರದ ಸರ್ವರು ತನ್ನದನ್ನು ಪೂರ್ತಿ ಓದಿ ಹೋಲಿಸುತ್ತದೆ. ಎಲ್ಲ ತುಂಡೂ ಕೂಡಿದವು ಎಂದು ತಿಳಿದ ಮೇಲೂ ಲ್ಯಾಬಿನ ಯಂತ್ರ ಹಳೆಯ ಫೈಲನ್ನು ಮತ್ತೊಮ್ಮೆ ಓದಿ, ಅದರಂಥದ್ದೇ ಹೊಸದೊಂದನ್ನು ಬರೆದು, ಹೆಸರು ಬದಲಿಸಿ ಇಡುತ್ತದೆ. ಎರಡು ಸಲ ಓದು, ಒಂದು ಸಲ ಬರಹ, ಫಲ ಶೂನ್ಯ. ನೆಟ್ಟಿನ ಮೀಟರು ಅಲ್ಲಾಡುವುದಿಲ್ಲ, ಡಿಸ್ಕು ಒದ್ದಾಡುತ್ತದೆ. ಆ ಹುಡುಗನಿಗೆ ಕಾಣದೆ ಹೋದದ್ದು ಆಚೆ ತುದಿಯ ಸರ್ವರಿನ ಪಾಡು. ಗುರುತು ಹುಡುಕುವ ಭಾರದ ಕೆಲಸ ಆರ್‌ಸಿಂಕ್‌ನಲ್ಲಿ ಕಳಿಸುವವರ ಪಾಲಿನದು, ಕೇಳಿದವರದಲ್ಲ. ‘ಮಾಡಿಫೈ-ವಿಂಡೋ’ ಎಂಬ ಆಯ್ಕೆಗೆ 1 ಎಂದು ಕೊಟ್ಟರೆ ಒಂದು ಸೆಕೆಂಡಿನ ಫರಕನ್ನು ಮನ್ನಿಸುತ್ತದೆ. ಆಮೇಲೆ ಕೆಲಸ ಸಲೀಸು.

ಬಿಟ್ಟಿ ಸೇವೆ ಕೊಡುವ ಸರ್ವರಿನ ಮೇಲೆ ಕೇಳುವವರು ಇಷ್ಟು ಭಾರ ಹೇರಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದು ‘ಜೀಸಿಂಕ್’. ಅದರಲ್ಲಿ ಗಣಿತವನ್ನೇ ತಿರುಗಿಸಿ ಹಾಕಿದ್ದಾರೆ. ತುಂಡುಗಳ ಗುರುತನ್ನು ಸರ್ವರಿನವರು ಒಂದೇ ಸಲ ಲೆಕ್ಕ ಹಾಕಿ ಒಂದು ಚಿಕ್ಕ ಫೈಲಿನಲ್ಲಿ ಬರೆದಿಡುತ್ತಾರೆ. ಬೇಕಾದವರು ಅದನ್ನು ಇಳಿಸಿಕೊಂಡು, ಹುಡುಕುವ ಕೆಲಸ ತಾವೇ ಮಾಡಿ, ಬೇಕಾದ ತುಂಡನ್ನು ಸಾಮಾನ್ಯ ವೆಬ್ ಸರ್ವರಿನಿಂದ ಕೇಳುತ್ತಾರೆ. ದೊಡ್ಡ ಇನ್‌ಸ್ಟಾಲ್ ಇಮೇಜಿನಂಥ ಒಂದೇ ಫೈಲಿಗೆ ಇದು ಚೆಂದ. ಲಕ್ಷಾಂತರ ಸಣ್ಣ ಫೈಲಿಗೆ ಏನೂ ಪ್ರಯೋಜನವಿಲ್ಲ.

ಸಣ್ಣ ಫೈಲುಗಳ ಕಾಟಕ್ಕೆ ಮದ್ದು ಬೇರೆಯೇ ಇದೆ. ಅದನ್ನು ನಮ್ಮ ತಹಶೀಲ್ದಾರ ಕಚೇರಿಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಉತಾರಗಳನ್ನು (ಪಹಣಿ) ಕಂಪ್ಯೂಟರಿಗೆ ಏರಿಸಿದರು. ಅದು ಡೇಟಾಬೇಸು, ಫೈಲುಗಳ ರಾಶಿಯಲ್ಲ. ಆದರೂ ಒಂದು ಉತಾರ ಒಂದು ಫೈಲು ಎಂದಿಟ್ಟುಕೊಂಡು ಆರ್‌ಸಿಂಕ್ ಕೈಗೆ ಕೊಟ್ಟರೆ ಪಟ್ಟಿಗೇ ಎರಡು ಜಿಬಿ ಮೆಮರಿ, ಡಿಸ್ಕಿನ ಓಡಾಟ ಎರಡು ಕೋಟಿ ಸಲ. ದಿನವೊಂದಕ್ಕೆ ಅಷ್ಟರಲ್ಲಿ ಬದಲಾಗುವುದು ಎಷ್ಟು? ಖರೀದಿ, ವಾಟಣಿ (ಪಾಲು), ವಾರಸಾ ಎಂದು ಬದಲಾವಣೆಯ ವರ್ದಿ ಬಿದ್ದಷ್ಟೇ. ಯಾವುದು ಬದಲಾಯಿತು ಎಂದು ತಿಳಿಯಲು ಯಾವ ತಲಾಟಿಯೂ ಊರಿನ ಎಲ್ಲ ಸರ್ವೆ ನಂಬರಿನ ಉತಾರ ಬಿಚ್ಚಿ ಕೂರುವುದಿಲ್ಲ. ವರ್ದಿಯ ಪುಸ್ತಕದಲ್ಲಿ ನಿನ್ನೆ ಎಲ್ಲಿಯವರೆಗೆ ನೋಡಿದ್ದೆನೋ ಅದರ ಮುಂದಿನ ನಂಬರಿನಿಂದ ಓದುತ್ತಾನೆ.

ಪೈಥಾನ್ ಭಂಡಾರವನ್ನು ಮಿರರ್ ಮಾಡುವ ‘ಬ್ಯಾಂಡರ್‌ಸ್ನ್ಯಾಚ್’ ಮಾಡುವುದು ಇದನ್ನೇ. ಆ ಭಂಡಾರದಲ್ಲಿ ಪ್ರತಿ ಬದಲಾವಣೆಗೂ ಒಂದು ಕ್ರಮಸಂಖ್ಯೆ ಇದೆ. ಮಿರರು ತಾನು ಕಂಡ ಕಡೆಯ ಸಂಖ್ಯೆಯನ್ನು ನೆನಪಿಟ್ಟುಕೊಂಡು ಅಲ್ಲಿಂದ ಮುಂದಿನದನ್ನಷ್ಟೇ ಕೇಳುತ್ತದೆ. ಪರ್ಲ್ ಭಾಷೆಯ ಭಂಡಾರದವರು ಇನ್ನೂ ಸೊಗಸಾಗಿ ಮಾಡಿದರು. ಕಳೆದ ಒಂದು ತಾಸಿನ ಬದಲಾವಣೆಗೆ ಒಂದು ಚಿಕ್ಕ ಪಟ್ಟಿ, ಆರು ತಾಸಿನದಕ್ಕೆ ಇನ್ನೊಂದು, ದಿನ, ವಾರ, ತಿಂಗಳು, ವರ್ಷ ಹೀಗೆ ಒಂದರ ಹಿಂದೆ ಒಂದು. ಸದಾ ಜಾಗೃತವಾಗಿರುವ ಮಿರರಿಗೆ ತಾಸಿನ ಪಟ್ಟಿ ಸಾಕು. ನಾಲ್ಕು ದಿನ ಮಲಗಿದ್ದು ಎದ್ದದ್ದು ವಾರದ ಪಟ್ಟಿ ನೋಡುತ್ತದೆ. ಫೆಡೊರಾದವರು ಮೂಲ ಸರ್ವರಿನಲ್ಲಿ ಎಲ್ಲ ಫೈಲುಗಳ ಪಟ್ಟಿಯನ್ನು ಮೊದಲೇ ಬರೆದಿಡುತ್ತಾರೆ. ಮಿರರು ಅದನ್ನು ಇಳಿಸಿಕೊಂಡು ತನ್ನಲ್ಲೇ ಹೋಲಿಸಿ, ಬೇಕಾದ ಹೆಸರುಗಳನ್ನು ಮಾತ್ರ ಆರ್‌ಸಿಂಕ್‌ಗೆ ಕೊಡುತ್ತದೆ. ಮೂಲ ಸರ್ವರಿನ ಡಿಸ್ಕು ನಿಟ್ಟುಸಿರು ಬಿಡುತ್ತದೆ. ಇವೆಲ್ಲ ತೀರಾ ಹೊಸ ವಿಚಾರಗಳೂ ಅಲ್ಲ; ಫ್ರೀಬಿಎಸ್‌ಡಿಯವರ ‘ಸಿವಿಎಸ್‌ಅಪ್’ ತೊಂಬತ್ತರ ದಶಕದಲ್ಲೇ ತನ್ನ ಹತ್ತಿರ ಏನೇನಿದೆ ಎಂಬ ಪಟ್ಟಿಯನ್ನು ತಾನೇ ಇಟ್ಟುಕೊಂಡು ಸರ್ವರಿನ ಭಾರ ಇಳಿಸುತ್ತಿತ್ತು. ಮೊಡುಲಾ-3 ಎಂಬ ಅಪರೂಪದ ಭಾಷೆಯಲ್ಲಿ ಬರೆದದ್ದರಿಂದ ಅದನ್ನು ಕಟ್ಟಿಕೊಳ್ಳುವುದೇ ಒಂದು ತಲೆನೋವಾಗಿತ್ತು ಎಂಬುದು ಬೇರೆ ಮಾತು.

ವರ್ದಿ ನಂಬಿ ನಡೆಯುವವರಿಗೆ ಒಂದು ಅಪಾಯವಿದೆ. ಪುಸ್ತಕದಲ್ಲಿ ಬರೆಯದೆ ಆದ ಬದಲಾವಣೆ ಅವರಿಗೆ ಎಂದೂ ಕಾಣದು. ಮಿರರಿನಲ್ಲಿ ಯಾರೋ ಕೈತಪ್ಪಿ ಒಂದು ಫೈಲು ಅಳಿಸಿದರೆ, ಡಿಸ್ಕಿನ ಒಂದು ಮೂಲೆ ಕೆಟ್ಟು ಫೈಲಿನ ಒಡಲು ಹಾಳಾದರೆ, ಕ್ರಮಸಂಖ್ಯೆಯ ಪ್ರಕಾರ ಎಲ್ಲವೂ ಸರಿ. ಅಳಿಸಿ ಹೋದದ್ದನ್ನು ಆರ್‌ಸಿಂಕ್ ಮುಂದಿನ ಸುತ್ತಿನಲ್ಲೇ ಹಿಡಿಯುತ್ತದೆ. ಒಡಲು ಕೆಟ್ಟದ್ದನ್ನು ಅದೂ ಹಿಡಿಯದು, ಗಾತ್ರ ಮತ್ತು ವೇಳೆ ಕೂಡಿದರೆ ಮುಂದೆ ಹೋಗುತ್ತದೆ. ‘ಚೆಕ್‌ಸಮ್’ ಆಯ್ಕೆ ಕೊಟ್ಟರೆ ಹಿಡಿಯುತ್ತದೆ, ಆದರೆ ಎರಡೂ ಕಡೆ ಪ್ರತಿ ಬೈಟು ಓದಬೇಕು. ಸೆಕೆಂಡಿಗೆ 150 ಎಂಬಿ ಓದುವ ಡಿಸ್ಕಿನಲ್ಲಿ ಮೂರು ಟಿಬಿಗೆ ಐದೂವರೆ ತಾಸು. ಅದನ್ನು ದಿನದ ಸಿಂಕಿನಲ್ಲಿ ಹಾಕಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಮ್ಮ ಡಿಸ್ಕಿನ ಮೇಲಿನ ಅನುಮಾನಕ್ಕೆ ಪರರ ಡಿಸ್ಕು ಸವೆಸುವ ಕೆಲಸ ಅದು. ಡೆಬಿಯನ್ ಸೂಚಿಯಲ್ಲಿ ಪ್ರತಿ ಪ್ಯಾಕೇಜಿನ ಗುರುತು ಬರೆದೇ ಇರುತ್ತದೆ. ಅದರೊಂದಿಗೆ ತಮ್ಮ ಮನೆಯಲ್ಲೇ ತಾಳೆ ನೋಡಬಹುದು, ಮೇಲಿನವರನ್ನು ಕೇಳುವ ಅಗತ್ಯವಿಲ್ಲ. ‘ಡೆಬ್‌ಮಿರರ್’ ಟೂಲು ಆ ಸೂಚಿಯನ್ನೇ ಆಧಾರ ಮಾಡಿಕೊಂಡು, ಬೇಕಾದ ಆವೃತ್ತಿ, ಬೇಕಾದ ಪ್ರೊಸೆಸರಿನ ಪ್ಯಾಕೇಜು ಮಾತ್ರ ತರುತ್ತದೆ.

ಆರ್‌ಸಿಂಕ್‌ನ ಇನ್ನೊಂದು ಕುರುಡುತನ ಜಾಗ ಬದಲಾವಣೆಯದು. ಅಣ್ಣಿಗೇರಿ ಮೊದಲು ನವಲಗುಂದ ತಾಲೂಕಿನಲ್ಲಿತ್ತು, ಈಗ ಅದೇ ಒಂದು ತಾಲೂಕು. ನವಲಗುಂದದ ಫೋಲ್ಡರಿನಲ್ಲಿದ್ದ ಅಣ್ಣಿಗೇರಿಯ ಫೈಲುಗಳನ್ನು ಹೊಸ ಫೋಲ್ಡರಿಗೆ ಸರಿಸಿದಿರೆನ್ನಿ. ಒಂದು ಬೈಟೂ ಬದಲಾಗಿಲ್ಲ. ಆರ್‌ಸಿಂಕ್ ಹಳೆಯ ಜಾಗದಲ್ಲಿ ಎಲ್ಲ ಅಳಿಸಿ, ಹೊಸ ಜಾಗಕ್ಕೆ ಎಲ್ಲವನ್ನೂ ಮತ್ತೆ ಇಳಿಸುತ್ತದೆ. ‘ಸಿಂಕ್‌ಥಿಂಗ್’ ಹಾಗಲ್ಲ; ಪ್ರತಿ ತುಂಡಿನ ಗುರುತು ಅದರ ಡೇಟಾಬೇಸಿನಲ್ಲಿ ಇರುವುದರಿಂದ ತನ್ನಲ್ಲೇ ಇದ್ದದ್ದನ್ನು ಎತ್ತಿಡುತ್ತದೆ. ಬದಲಿಗೆ ಅದು ಮೊದಲ ಸಲ ಎಲ್ಲ ಫೈಲುಗಳನ್ನೂ ಪೂರ್ತಿ ಓದಿ ಲೆಕ್ಕ ಹಾಕಬೇಕು, ಆ ಡೇಟಾಬೇಸನ್ನು ಸಾಕಬೇಕು. ನಾಲ್ಕಾರು ಯಂತ್ರಗಳ ನಡುವೆ ಕಚೇರಿಯ ಕಡತ ಹಂಚಿಕೊಳ್ಳಲು ಅದು ನನಗೆ ಅಚ್ಚುಮೆಚ್ಚು. ಸಾರ್ವಜನಿಕ ಮಿರರಿಗೆ ಬೇಡ. ಎರಡೂ ಕಡೆ ತಿದ್ದುವವರಿಗೆಂದು ಮಾಡಿದ ‘ಯೂನಿಸನ್’ ಕೂಡ ಇಲ್ಲಿಗೆ ಸಲ್ಲದು. ‘ಆರ್‌ಕ್ಲೋನ್’ ಕ್ಲೌಡಿನ ಗೋದಾಮಿಗೆ ಒಳ್ಳೆಯದು. ಒಂದು ಫೋಲ್ಡರಿನ ಪ್ರತಿ ಫೈಲಿಗೆ ಅರ್ಧದಿಂದ ಒಂದು ಕಿಲೋಬೈಟು ಮೆಮರಿ ಹಿಡಿಯುತ್ತದೆ, ಗೋದಾಮಿನವರು ವಿಚಾರಿಸಿದ್ದಕ್ಕೂ ದುಡ್ಡು ಕೇಳುವುದರಿಂದ ಬಿಲ್ಲು ನೋಡಿಕೊಳ್ಳಬೇಕು.

ಇವುಗಳಲ್ಲಿ ಯಾವುದು ಹಗುರ ಎಂದು ಅಳೆದು ತೋರಿಸುವ ಪಟ್ಟಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅರ್ಧಕ್ಕರ್ಧ ನಂಬುವ ಹಾಗಿರುವುದಿಲ್ಲ. ಮೊದಲು ಒಂದು ಟೂಲು ಓಡಿಸಿ, ಬೆನ್ನಿಗೇ ಇನ್ನೊಂದನ್ನು ಓಡಿಸಿದರೆ ಎರಡನೆಯದು ಗೆಲ್ಲದೆ ಇನ್ನೇನು? ಫೈಲು ವಿವರಗಳನ್ನೆಲ್ಲ ಮೊದಲನೆಯದು ಮೆಮರಿಗೆ ತಂದಿಟ್ಟಿದೆಯಲ್ಲ. ಪ್ರತಿ ಓಟದ ಮೊದಲು ಆ ಮೆಮರಿಯನ್ನು ಖಾಲಿ ಮಾಡಬೇಕು, ಇಲ್ಲವೇ ಎರಡಕ್ಕೂ ಬಿಸಿ ಮೆಮರಿಯನ್ನೇ ಕೊಡಬೇಕು. ಲಿನಕ್ಸಿನ ‘ಟೈಮ್’ ಆದೇಶವನ್ನು ವಿವರ ಕೊಡುವ ಆಯ್ಕೆಯೊಂದಿಗೆ ಓಡಿಸಿದರೆ ಗರಿಷ್ಠ ಮೆಮರಿ, ಪ್ರೊಸೆಸರಿನ ಸಮಯ, ಒಟ್ಟು ಸಮಯ ಮೂರೂ ಸಿಗುತ್ತವೆ. ಪ್ರೊಸೆಸರಿನ ಸಮಯ ಕಡಿಮೆ, ಒಟ್ಟು ಸಮಯ ವಿಪರೀತ ಎಂದಾದರೆ ಟೂಲು ಡಿಸ್ಕನ್ನೋ ನೆಟ್ಟನ್ನೋ ಕಾಯುತ್ತ ಕೂತಿದೆ. ಎಲ್ಲಕ್ಕಿಂತ ಮುಖ್ಯವಾದ ಅಂಕಿ ಆಚೆ ತುದಿಯ ಸರ್ವರಿನದು, ಅದನ್ನು ಯಾರೂ ಅಳೆಯುವುದಿಲ್ಲ, ಅದು ಅವರದಲ್ಲವಲ್ಲ. ಪ್ಯಾಕೇಜುಗಳು ಮೊದಲೇ ಕುಗ್ಗಿಸಿದವು ಎಂಬುದನ್ನು ಮರೆತು ಮತ್ತೆ ಕುಗ್ಗಿಸುವ ಆಯ್ಕೆ ಹಾಕಿ, ಪ್ರೊಸೆಸರು ಬಿಸಿಯಾಯಿತೆಂದು ದೂರುವವರೂ ಇದ್ದಾರೆ.

ಹಾಗಾದರೆ ಕುಂದಗೋಳದ್ದೋ ಕಲಘಟಗಿಯದ್ದೋ ಒಂದು ಕಾಲೇಜಿನಲ್ಲಿ ಇಪ್ಪತ್ತು ಯಂತ್ರಗಳ ಲ್ಯಾಬಿದ್ದರೆ ಯಾವ ಟೂಲು ಹಚ್ಚಬೇಕು? ನನ್ನನ್ನು ಕೇಳಿದರೆ, ಮಿರರನ್ನೇ ಮಾಡಬೇಡಿ. ಇಪ್ಪತ್ತು ಯಂತ್ರ ಸೇರಿ ವರ್ಷಕ್ಕೆ ಬಳಸುವುದು ಕೆಲವು ಸಾವಿರ ಪ್ಯಾಕೇಜು. ಅದಕ್ಕಾಗಿ ಲಕ್ಷಗಟ್ಟಲೆ ಫೈಲು ಸಾಕಿ, ದಿನಕ್ಕೆ ನಾಲ್ಕು ಸಲ ಅವುಗಳ ಯೋಗಕ್ಷೇಮ ವಿಚಾರಿಸುವುದೇಕೆ? ‘ಆ್ಯಪ್ಟ್-ಕ್ಯಾಷರ್-ಎನ್‌ಜಿ’ ಎಂಬ ಚಿಕ್ಕ ಟೂಲನ್ನು ಒಂದು ಹಳೆಯ ಯಂತ್ರದಲ್ಲಿ ಹಾಕಿ. ಮೊದಲ ಯಂತ್ರ ಕೇಳಿದ ಪ್ಯಾಕೇಜು ಹೊರಗಿನಿಂದ ಬರುತ್ತದೆ, ಉಳಿದ ಹತ್ತೊಂಬತ್ತಕ್ಕೆ ಅದೇ ಯಂತ್ರದಿಂದ ಸಿಗುತ್ತದೆ. ಯಾರೂ ಕೇಳದ ಪ್ಯಾಕೇಜಿಗೆ ಡಿಸ್ಕಿಲ್ಲ, ಮೆಮರಿ ಇಲ್ಲ, ವಿಚಾರಣೆ ಇಲ್ಲ. ಎಲ್ಲ ಯಂತ್ರದಲ್ಲೂ ಒಂದೇ ವ್ಯವಸ್ಥೆ ಇದ್ದರೆ ಇದು ಇನ್ನೂ ಲಾಭ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರಕಾರಿ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆಯ ಉಬುಂಟು ಆಧಾರಿತ ವ್ಯವಸ್ಥೆ ನಡೆಯುತ್ತದೆ. ಅಂಥ ಕಡೆ ಒಬ್ಬರು ಇಳಿಸಿದ್ದು ಎಲ್ಲರಿಗೂ ಬರುತ್ತದೆ.

ಹಳ್ಳಿಯ ಶಾಲೆಗೆ ಪೂರ್ತಿ ಪ್ರತಿ ಇಡಬೇಕಾದದ್ದು ಇದ್ದರೆ ಅದು ಕನ್ನಡ ವಿಕಿಪೀಡಿಯ. ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ; ‘ಕಿವಿಕ್ಸ್’ನವರು ಅಷ್ಟನ್ನೂ ಒಂದೇ ‘ಜಿಮ್’ ಫೈಲಾಗಿ ಕಟ್ಟಿ ಕೊಡುತ್ತಾರೆ, ನೆಟ್ ಇಲ್ಲದೆ ಓದಬಹುದು. ಒಂದೇ ಫೈಲು, ಆದ್ದರಿಂದ ವಿಚಾರಣೆಯ ಖರ್ಚು ಲೆಕ್ಕಕ್ಕಿಲ್ಲ. ಒಳಗೆ ಕುಗ್ಗಿಸಿದ್ದು, ಹೆಸರಿನಲ್ಲಿ ತಿಂಗಳು ಬೇರೆ ಇರುತ್ತದೆ, ಆದ್ದರಿಂದ ಆರ್‌ಸಿಂಕ್‌ನಿಂದ ಉಳಿತಾಯವೂ ಇಲ್ಲ. ಹೊಸದು ಬಂದಾಗ ರಾತ್ರಿ ಟೊರೆಂಟಿನಲ್ಲಿ ಹಚ್ಚಿಟ್ಟು ಮಲಗುವುದು. ಟೊರೆಂಟು ಪ್ರತಿ ತುಂಡನ್ನೂ ತಾಳೆ ನೋಡಿಯೇ ಇಡುತ್ತದೆ; ನಡುವೆ ಕರೆಂಟು ಹೋಗಿ ಬಂದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಹೊಸ ಫೈಲು ತೆರೆದು ಒಂದೆರಡು ಲೇಖನ ಓದಿ ನೋಡಿದ ಮೇಲೆ ಹಳೆಯದನ್ನು ಅಳಿಸಿ, ಮೊದಲೇ ಅಳಿಸಬೇಡಿ.